ಆರೂ ಫ್ಯಾನು ಒಳಮುಖ

ಹಲೋ... ಹಲೋ, ಯಾರು ಮಾತಾಡ್ತಿರೋದು? ಇದ್ಯಾವ ನಂಬರು, ಇಷ್ಟುದ್ದ ಇದೆ? ಸಾಲ ಬೇಕಾ ಅಂತ ಕೇಳೋರಾದ್ರೆ ಬೇಡ ಕಣ್ರೀ, ಇಟ್ಬಿಡಿ...

ಹಾಂ? ಯಾರು?... ಅಣ್ಣನಾ? ಅಯ್ಯೋ, ಗುರುತೇ ಸಿಗ್ಲಿಲ್ಲ. ಮೊಬೈಲ್ ಏನಾಯ್ತು?... ರಿಪೇರಿಗೆ ಕೊಟ್ಟಿದ್ದೀಯಾ? ಮತ್ತೆ ಇದೆಲ್ಲಿಂದ?... ಕಂಪ್ಯೂಟರ್‌ನಿಂದಾನಾ? ಅದರಿಂದ ಫೋನೂ ಮಾಡಬಹುದಾ? ಬಿಡು, ನಿನಗೆ ಬರದೇ ಇರೋದು ಯಾವುದಿದೆ. ಏನೋ ಗುಯ್ ಅಂತಿದೆ ಅಷ್ಟೆ, ಹಿಟ್ಟಿನ ಗಿರಣಿಯಲ್ಲಿ ನಿಂತು ಮಾತಾಡ್ದಂಗೆ. ಸ್ವಲ್ಪ ಜೋರಾಗಿ ಹೇಳು...

ಬಂತು, ಬಂತು. ನೀನು ಕಳಿಸಿದ ಫ್ಯಾನು ಹೋದ ವಾರಾನೇ ಬಂತು... ಆರೂ ಇತ್ತು, ಒಂದೂ ಮುರಿದಿರಲಿಲ್ಲ... ಹೇಗಿದೆ ಅಂತ ಕೇಳ್ತೀಯಾ? ಹೇಳ್ತೀನಿ. ಕೂತಿದ್ದೀಯ ತಾನೆ?

ನಾನು ಕೇಳಿದ್ದು ಕಂಪ್ಯೂಟರ್ ಒಳಗೆ ಹಾಕೋಕೆ ಸದ್ದು ಮಾಡದ ಫ್ಯಾನು, ಅಲ್ವಾ? ನೀನು ಕಳಿಸಿದ್ದು ಬಣ್ಣದ ದೀಪ. ಸ್ವಿಚ್ ಒತ್ತಿದ್ದೇ ತಡ, ಹಾಲ್ ಪೂರ್ತಿ ಕೆಂಪಾಯ್ತು, ಆಮೇಲೆ ಹಸಿರಾಯ್ತು, ಆಮೇಲೆ ನೇರಳೆ. ಪಕ್ಕದ ಮನೆ ಟೈಲರ್ ಬಾಗಿಲಲ್ಲಿ ಬಂದು ನಿಂತು, ಏನಕ್ಕಾ, ಡ್ಯಾನ್ಸ್ ಕ್ಲಾಸ್ ಶುರು ಮಾಡಿದ್ರಾ ಅಂತ ಕೇಳ್ದ... ಇಲ್ಲಪ್ಪ, ಕಟ್ಟುಕತೆ ಅಲ್ಲ, ಫೀಸೆಷ್ಟು ಅಂತಾನೂ ಕೇಳ್ದ.

ಸದ್ದಾ?... ಹಳೇ ಫ್ಯಾನಲ್ಲಿ ಒಬ್ಬರೇ ಗೊರಕೆ ಹೊಡೀತಿದ್ರು ಅಂದ್ಕೋ. ಈಗ ಆರು ಜನ ಸೇರಿ ಹೊಡೀತಿದ್ರು, ಅದೂ ಕೈಯಲ್ಲಿ ಟಾರ್ಚ್ ಹಿಡ್ಕೊಂಡು.

ಅತಿ ಹೆಚ್ಚು ಸುತ್ತು ತಿರುಗೋದನ್ನೇ ಹುಡುಕಿ ಕಳಿಸಿದ್ಯಾ? ಹೂಂ, ಅದು ಗೊತ್ತಾಯ್ತು. ಬೀದಿಗೆಲ್ಲಾ ಗೊತ್ತಾಯ್ತು...

ಅಣ್ಣ, ಒಂದ್ನಿಮಿಷ. ನಾನು ಯಾಕೆ ಕೇಳ್ದೆ ಅಂತ ನೆನಪಿದ್ಯಾ?... ಕಂಪ್ಯೂಟರ್ ಬಿಸಿಯಾಗುತ್ತೆ ಅಂತ. ಹಾಂ, ಅದು ಅರ್ಧ. ಮದುವೆ ವಿಡಿಯೊ ಕತ್ತರಿಸಿ ಜೋಡಿಸೋದು ನನ್ನ ಹೊಟ್ಟೆಪಾಡು, ಜೋಡಿಸಿದ್ದನ್ನ ಒಂದೇ ಫೈಲ್ ಮಾಡಿ ಹೊರಗೆ ತೆಗೆಯುವಾಗ ಯಂತ್ರ ಕಾವಲಿ ಥರ ಕಾಯುತ್ತೆ, ಆರಿಸೋಕೂ ಆಗಲ್ಲ. ಇನ್ನರ್ಧ?... ಅಮ್ಮ ಕಣಣ್ಣ. ಅಮ್ಮ.

ಗಂಟಲಿನ ಆಪರೇಷನ್ ಆದ್ಮೇಲೆ ಅವಳಿಗೆ ಉಳಿದಿರೋದು ಪಿಸುಮಾತು ಒಂದೇ. ಬೀದಿ ತುದೀಲಿ ಆಡ್ತಿದ್ದ ನಮ್ಮಿಬ್ಬರನ್ನ ಅಡುಗೆಮನೆಯಿಂದಾನೇ ಕೂಗಿ ಊಟಕ್ಕೆ ಕೂರಿಸ್ತಿದ್ದ ಹೆಂಗಸು. ಈಗ ರೂಮಿಂದ ಹಾಲ್‌ಗೆ ದನಿ ಮುಟ್ಟಲ್ಲ. ಹಳೇ ಫ್ಯಾನಿದ್ದಾಗ ಒಂದಿನ ಮಂಚದಿಂದ ಜಾರಿ ನೆಲದ ಮೇಲೆ ಕೂತು ನನ್ನ ಕರೀತಾನೇ ಇದ್ಲಂತೆ. ನಾನು ಗೋಡೆ ಈಚೆ ಕೂತು ಯಾರದೋ ಮದುವೆಗೆ ಹಾಡು ಹೊಂದಿಸ್ತಿದ್ದೆ. ಪಕ್ಕದಲ್ಲಿ ಈ ಕಂಪ್ಯೂಟರ್ ಅರಚ್ತಿತ್ತು. ಕೇಳ್ಲಿಲ್ಲ. ಮಾತ್ರೆ ಕೊಡೋಣ ಅಂತ ಎದ್ದು ಹೋದಾಗ ನೋಡಿದ್ದು...

ಕರೆಯೋಕೆ ಗಂಟೆನಾ? ಕೊಟ್ಟೆ. ಕೊಟ್ಟ ದಿನಾನೇ ಕಿಟಕಿಯಿಂದ ಆಚೆ ಎಸೆದ್ಲು. ಹೋಟೆಲ್ ಸಪ್ಲೈಯರ್‌ನ ಕರೆದಂಗೆ ಹೆತ್ತ ಮಗಳನ್ನ ಗಂಟೆ ಹೊಡೆದು ಕರೀಬೇಕಾ ಅಂತ. ಪಿಸುಮಾತಲ್ಲೂ ಬೈಗುಳಕ್ಕೇನೂ ಬರ ಇಲ್ಲ, ಡಾಕ್ಟ್ರು ಆ ಭಾಗಾನ ಮುಟ್ಟಿಲ್ಲ.

ಹಾಂ, ಫ್ಯಾನು ಕೂರಿಸಿದ್ದೂ ನೀನು ಹೇಳ್ದಂಗೇ... ನಾನಾಗಿ ಏನೂ ಮಾಡ್ಲಿಲ್ಲ. ಆರೂ ಒಳಮುಖ ಇರ್ಲಿ, ಗಾಳಿ ನುಗ್ಗಿದಷ್ಟೂ ತಂಪು ಅಂತ ಹೇಳಿದ್ದು ಯಾರು?... ನೀನಲ್ವಾ? ಮೆಸೇಜ್ ಇದೆ, ಓದಲಾ?... ಬೇಡ ತಾನೆ. ಸರಿ.

ಟಿಶ್ಯೂ ಕಾಗದ ಸೀಳಿ ಒಂದೊಂದೇ ಫ್ಯಾನಿನ ಎದುರಿಗೆ ಹಿಡಿದು ನೋಡ್ದೆ. ಮುಂದೆ ಹಿಡಿದ್ರೂ ಕಾಗದ ಒಳಕ್ಕೆ ಎಳೆಯುತ್ತೆ, ಹಿಂದೆ ಹಿಡಿದ್ರೂ ಒಳಕ್ಕೆ, ತಲೆ ಮೇಲೆ ಹಿಡಿದ್ರೂ ಒಳಕ್ಕೆ. ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡ. ಒಳಗೆ ಹೋದ ಗಾಳಿ ಹೊರಗೆ ಬರೋದು ಯಾವ ಕಡೆಯಿಂದ?



ಒತ್ತಡಕ್ಕೆ ತಾನಾಗೇ ಹೊರಗೆ ಹೋಗುತ್ತೆ ಅಂದ್ಯಾ? ಯಾವ ವಿಡಿಯೊದಲ್ಲಿ ಹೇಳಿದ್ರು ಅದನ್ನ?... ಪೂರ್ತಿ ನೋಡಿದ್ಯಾ, ಅರ್ಧಕ್ಕೇ ಎದ್ಯಾ?... ಅದೇ ಅಂದ್ಕೊಂಡೆ. ತುಂಬಿದ ಬಸ್ಸಿಗೆ ಹಿಂದಿನ ಬಾಗಿಲಲ್ಲೂ ಹತ್ತಿ, ಮುಂದಿನ ಬಾಗಿಲಲ್ಲೂ ಹತ್ತಿ ಅಂದ್ರೆ ಇಳಿಯೋರು ಎಲ್ಲಿಂದ ಇಳೀಬೇಕು? ಬಿಸಿಗಾಳಿ ಪಾಪ ಒಳಗೇ ಮೂಲೇಲಿ ಕೂತಿತ್ತು. ಬಿಸಿ ಏರ್ದಷ್ಟೂ ನಿನ್ನ ಆರು ಜನ ಇನ್ನಷ್ಟು ಜೋರಾಗಿ ತಿರುಗಿದ್ರು. ಜೊತೆಗೆ ನೀನೇ ಆರಿಸಿಕೊಟ್ಟ ಕ್ಯಾಬಿನೆಟ್ಟು, ಮುಂದೆ ಪೂರ್ತಿ ಗಾಜು. ಲಕ್ಷಣವಾಗಿದೆ, ಒಪ್ತೀನಿ. ಮೂಗು ಮುಚ್ಕೊಂಡು ಓಡು ಅಂದ್ರೆ ಯಾರಿಗಾದ್ರೂ ಏದುಸಿರು ಬರುತ್ತೆ.

ಏನು ಮಾಡ್ದೆ ಅಂದ್ರೆ? ಬಿಚ್ಚಿದೆ... ಹೌದು, ನಿನ್ನ ಕೇಳದೇನೇ. ಕೇಳಿದ್ರೆ ಏಳನೇದು ಕಳಿಸ್ತಿದ್ದೆ.

ಗಾಜು ತೆಗೆದು ಜಾಲರಿ ಹಾಕ್ದೆ. ಮುಂದೆ ಅಂಗೈ ಅಗಲ ಮೀರಿದ ದೊಡ್ಡ ಫ್ಯಾನು ಎರಡು, ಒಳಮುಖ. ಹಿಂದೆ ಒಂದು, ಹೊರಮುಖ. ಮುಗೀತು... ದೀಪ ಇಲ್ಲ. ಬರೀ ಕಪ್ಪು. ಅಂಗಡೀಲಿ ಒಂದೊಂದನ್ನೂ ಹಾಕಿಸಿ ಕಿವಿ ಹಚ್ಚಿ ಕೇಳ್ತಿದ್ರೆ ಅಂಗಡಿಯವನು ನನ್ನ ಒಂಥರಾ ನೋಡ್ದ. ಎಲ್ಲರೂ ನೋಡಿ ತಗೊಳ್ತಾರಂತೆ, ಕೇಳಿ ತಗೊಳ್ಳೋಳು ನಾನೊಬ್ಬಳೇ ಅಂತೆ.

ಸುತ್ತು ಕಮ್ಮಿನಾ? ಕಮ್ಮೀನೇ ಬೇಕಿತ್ತು. ಚಿಕ್ಕದು ಬುಗುರಿ ಥರ ತಿರುಗಿ ತಳ್ಳೋ ಗಾಳೀನ ದೊಡ್ಡದು ನಿಧಾನಕ್ಕೆ ತಿರುಗಿ ತಳ್ಳುತ್ತೆ, ಕಿರುಚದೆ. ತಿರುಪಿನ ಬದಲು ರಬ್ಬರ್ ಗೂಟ ಹಾಕಿದ್ದೀನಿ, ತಗಡು ನಡುಗಲ್ಲ. ಬಿಸಿ ಏರಿದ್ರೆ ಮಾತ್ರ ಜೋರಾಗು ಅಂತ ಸೆಟ್ಟಿಂಗ್‌ನಲ್ಲಿ ಹೇಳಿಟ್ಟಿದ್ದೀನಿ... ಬಿಸಿ ಇಳೀತು, ಮೊದಲಿಗಿಂತ ಎಷ್ಟೋ ಇಳೀತು. ನಿನಗೆ ಬೇಜಾರಾಗುತ್ತೆ ಅಂತ ಲೆಕ್ಕ ಹೇಳಲ್ಲ.

ಈಗ್ಲೂ ನಡೀತಿದೆ. ನಿನ್ನ ಜೊತೆ ಮಾತಾಡ್ತಾ ಇಡೀ ಒಂದು ಮದುವೆ ಹೊರಗೆ ಬರ್ತಿದೆ. ನನಗೆ ಗೋಡೆ ಗಡಿಯಾರ ಕೇಳುತ್ತೆ. ನಲ್ಲಿ ತೊಟ್ಟಿಕ್ಕೋದು ಕೇಳುತ್ತೆ. ಅಮ್ಮ ಮಗ್ಗುಲು ಬದಲಿಸಿದ್ರೆ ಮಂಚ ಕಿರ್ ಅನ್ನೋದು ಕೇಳುತ್ತೆ. ನಿನ್ನೆ ಅದನ್ನ ಕೇಳ್ತಾ ಕೂತಿದ್ದೋಳು ಸುಮ್‌ಸುಮ್ನೆ ಅತ್ತುಬಿಟ್ಟೆ.

... ನಿನ್ನ ಫ್ಯಾನಾ? ಡಬ್ಬದಲ್ಲಿವೆ, ಭದ್ರವಾಗಿ. ವಾಪಸ್ ಕಳಿಸ್ತೀನಿ, ನಿನ್ನ ಕಂಪ್ಯೂಟರ್‌ಗೇ ಹಾಕ್ಕೋ... ಅದರಲ್ಲಿ ಆಗ್ಲೇ ಎಂಟಿದ್ಯಾ? ಎಂಟೂ ಒಳಮುಖಾನಾ?... ಸರಿ ಸರಿ, ನಾನು ಕೇಳೇ ಇಲ್ಲ.

ಅಯ್ಯೋ, ಮುಖ ಊದಿಸ್ಕೋಬೇಡ. ನೀನು ಕಳಿಸಲ್ಲ ಅಂತ ಯಾರಂದ್ರು? ಗಾಳಿ ತುಂಬೋ ಹಾಸಿಗೆ ಬಂತು. ಹಿಡ್ಕೊಂಡು ನಡೆಯೋ ಸ್ಟ್ಯಾಂಡ್ ಬಂತು. ಮಿಕ್ಸಿ ಬಂತು, ಮರೆತು ಇನ್ನೊಂದು ಮಿಕ್ಸಿ ಬಂತು. ಪಾರ್ಸಲ್ ತರೋನಿಗೆ ಈಗ ಅಮ್ಮನ ಮಾತ್ರೆ ಹೊತ್ತೂ ಗೊತ್ತು, ಅವನೇ ಮನೆಮಗ ಆಗಿಬಿಟ್ಟಿದ್ದಾನೆ. ಬರದೇ ಇರೋದು ನೀನೊಬ್ಬನೇ.

... ಫೋನು ಮಾಡ್ತೀಯ, ನನಗೆ. ಅಮ್ಮನಿಗೆ ಕೊಡು ಅಂತ ಎಷ್ಟು ಸಲ ಅಂದಿದ್ದೀಯ? ಆಪರೇಷನ್ ಆದ್ಮೇಲೆ ಒಂದೇ ಸಲ. ಆವತ್ತೂ ನೀನೇ ಕೂಗಾಡಿ, ಚೆನ್ನಾಗಿದ್ದೀಯ ತಾನೆ, ಹುಷಾರು ಅಂದು ಇಟ್ಟೆ. ಅವಳು ಆಗಷ್ಟೇ ಬಾಯಿ ತೆರೆದಿದ್ಲು.

ಯಾಕೆ? ಕೇಳಿಸಲ್ಲ ಅಂತಾನಾ? ಅಥವಾ ಅವಳ ದನಿ ಹಾಗಾಗಿರೋದನ್ನ ತಡ್ಕೊಳ್ಳೋಕಾಗಲ್ಲ ಅಂತಾನಾ?... ಎರಡೂನಾ.

... ಹೂಂ. ಅದನ್ನ ಮೊದಲೇ ಹೇಳ್ಬಾರದಿತ್ತಾ? ಇಷ್ಟು ಬೈತಿರಲಿಲ್ಲ. ಬೈತಿದ್ದೆ, ಇಷ್ಟಲ್ಲ.

... ಇರು. ಇರು, ಮಾತಾಡ್ಬೇಡ.

ಅಮ್ಮ ಕರೆದ್ಲು. ಅಣ್ಣ, ರೂಮಿಂದ ಕರೆದ್ಲು, ಹಾಲ್‌ನಲ್ಲಿ ನನಗೆ ಕೇಳ್ತು. ಯಂತ್ರ ಓಡ್ತಾನೇ ಇದೆ, ಆದ್ರೂ ಕೇಳ್ತು... ಬಂದೆ ಅಮ್ಮಾ, ಬಂದೆ.

... ನೀರು ಬೇಕಾ? ಮತ್ತೆ?... ಹೌದಮ್ಮ, ಅಣ್ಣಾನೇ... ಈಗ್ಲೇನಾ? ಸರಿ. ಅಣ್ಣ, ಅಮ್ಮ ಮಾತಾಡ್ಬೇಕಂತೆ... ಮೀಟಿಂಗ್ ಇಲ್ಲ, ಏನಿಲ್ಲ, ಸುಮ್ನೆ ಕೂತ್ಕೋ. ಫೋನು ಅವಳ ತುಟಿ ಹತ್ರಾನೇ ಹಿಡೀತೀನಿ. ನೀನು ಬಾಯಿ ಮುಚ್ಕೊಂಡಿರು, ಅಷ್ಟೇ ನಿನ್ನ ಕೆಲಸ.

... ಕೇಳ್ತಾ?... ಏನೂ ಇಲ್ವಾ? ಇನ್ನೊಂದ್ಸಲ ಹೇಳಮ್ಮ... ಈಗ?... ಬರೀ ಗುಯ್ ಅಂತಿದ್ಯಾ? ಅದು ಇಲ್ಲಿಯದಲ್ಲ ಕಣಣ್ಣ. ಇಲ್ಲಿ ಸೊಳ್ಳೆ ಹಾರಿದ್ರೂ ಗೊತ್ತಾಗುತ್ತೆ. ಅದು ನಿನ್ನದು. ನಿನ್ನ ಎಂಟು ಜನ.

ಸುತ್ತು ಕಮ್ಮಿ ಮಾಡು... ಎಲ್ಲಿ ಮಾಡೋದು ಅಂತ ಗೊತ್ತಿಲ್ವಾ? ನನಗೆ ಪಾಠ ಹೇಳಿದ ಪಂಡಿತರು ತಾವೇ ಅಲ್ವಾ?

... ಇಲ್ಲ, ಅವಳೇನಂದ್ಲು ಅಂತ ನಾನು ಹೇಳಲ್ಲ. ತಲೆ ಅಲ್ಲಾಡಿಸ್ತಿದ್ದಾಳೆ, ತಾನೇ ಹೇಳ್ತಾಳಂತೆ. ನಿನ್ನ ಚಿಕ್ಕಂದಿನ ಹೆಸರಿಂದ ಶುರು ಮಾಡಿದ್ಲು, ಅಷ್ಟು ಹೇಳ್ತೀನಿ. ನಾವ್ಯಾರೂ ಕರೆಯಲ್ಲ ನೋಡು, ಆ ಹೆಸರು.

... ಅಣ್ಣ? ಅಳ್ತಿದ್ದೀಯಾ?... ಅದು ಮಾತ್ರ ಆ ಗದ್ದಲದಲ್ಲೂ ಕೇಳ್ತು.

... ಹಾಂ? ಎಲ್ಲಿಗೆದ್ದೆ?... ಪೂರ್ತಿ ಆರಿಸಿಬಿಡ್ತೀಯಾ? ಅಬ್ಬ, ಜನ್ಮದಲ್ಲಿ ಒಂದ್ಸಲ ಹೇಳಿದ ಮಾತು ಕೇಳ್ದೆ. ಅಮ್ಮಾ, ನಿನ್ನ ಮಗ ಸದ್ದು ಆರಿಸೋಕೆ ಎದ್ದಿದ್ದಾನೆ. ಆರಿದ ಮೇಲೆ ನಿಧಾನಕ್ಕೆ ಹೇಳು, ಈ ಸಲ ಎಲ್ಲಾ ಕೇಳುತ್ತೆ ಅವನಿಗೆ...

ಅಣ್ಣ, ತಾಳು. ತಾಳು, ಸ್ವಿಚ್ ಮುಟ್ಟಬೇಡ, ಮೊಬೈಲ್ ರಿಪೇರಿಗೆ ಕೊಟ್ಟಿದ್ದೀಯ, ನೀನು ಮಾತಾಡ್ತಿರೋದೇ ಆ ಕಂಪ್ಯೂಟರ್‌ನಿಂ...