ಸಾಲಿನ ಕೊನೆಯವಳು

ಇಳಕಲ್ಲಿನಲ್ಲಿ ಮಳೆ ಬಂದರೆ ಮೊದಲು ಹೋಗುವುದು ಕರೆಂಟು. ಆ ಸಂಜೆಯೂ ಹಾಗೇ ಆಯಿತು. ಓಣಿಯ ಪವರ್‌ಲೂಮುಗಳ ಸದ್ದು ಒಮ್ಮೆಲೇ ನಿಂತು, ತಗಡಿನ ಮೇಲೆ ಬೀಳುವ ಮಳೆಯೊಂದೇ ಉಳಿಯಿತು. ಮನೆಗೆ ಹೋಗಲಾಗದ ನಾವು ಐದಾರು ಮಂದಿ ಬಾಳಮ್ಮನ ಪಡಸಾಲೆಯಲ್ಲಿ ಕೂತೆವು. ನಮ್ಮ ಜೊತೆಯ ಲಾಡಬಿ ಮೊಬೈಲಿನ ಬೆಳಕು ಹಚ್ಚಿ, ತನ್ನ ಮಗಳು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿದಳು. ನೂಲು ಸುತ್ತುತ್ತಿದ್ದ ಮುದುಕಿ ಬಾಳಮ್ಮ ಕೈ ನಿಲ್ಲಿಸಿದಳು.

"ಕಲೀಲಿ ಬಿಡು. ಆದ್ರ ಆ ಬರೆದವರ ಫೋಟೊ ಮಾತ್ರ ಗ್ವಾಡಿಗೆ ಹಾಕಬ್ಯಾಡ ಅನ್ನು... ಯಾಕಂದ್ರ, ಹೇಳ್ತೇನಿ ಕೇಳ್ರಿ.

ನಮ್ಮಕ್ಕನ ಮಗ ಪ್ರೇಮಕುಮಾರ, ಹುನಗುಂದದಾಗ ಇಂಗ್ಲಿಷ್ ಮಾಸ್ತರ ಇದ್ದ. ಇಂಗ್ಲಿಷಿನ್ಯಾಗ ಬರೆದವರನ್ನೆಲ್ಲಾ ಕಾಲದ ಪ್ರಕಾರ ಪಡಸಾಲಿ ಗ್ವಾಡಿಗೆ ಸಾಲಾಗಿ ತೂಗಹಾಕಿದ್ದ. ಮೊದಲು ರಾಣಿ ಕಾಲದ ಬೋಳತಲಿ ನಾಟಕದಾಂವ, ಆಮ್ಯಾಲ ಕಣ್ಣು ಹೋದ ಮ್ಯಾಲೆ ಬಾಯಿಲೆ ಹೇಳಿ ದೊಡ್ಡ ಕಾವ್ಯ ಬರೆಸಿದಾಂವ, ಆಮ್ಯಾಲ ಕೆಮ್ಮಿ ಕೆಮ್ಮಿ ಸಣ್ಣ ವಯಸ್ಸಿಗೆ ಸತ್ತ ಕವಿ, ಬಡ ಹುಡುಗರ ಸಂಕಟ ದಪ್ಪ ದಪ್ಪ ಕಾದಂಬರಿ ಮಾಡಿದ ಗಡ್ಡದಾಂವ, ಕಡೀಕ ಕಿಸೇದಾಗ ಕಲ್ಲು ತುಂಬಕೊಂಡು ಹೊಳಿಗೆ ಇಳಿದ ಹೆಣ್ಣುಮಗಳು... ನನಗೇನು ಗೊತ್ತು, ಅವನ ಬಾಯಿಲೆ ಕೇಳಿದ್ದು. ಉಣ್ಣಾಕ ಕೂತ್ರ ಅವರ ಮಾತು, ಮಲಗಿದ್ರ ಅವರ ಮಾತು. ಹೆಂಡ್ತಿ ರಾಧಿಕಾಗ ಹೊಟ್ಟಿ ಉರೀತಿತ್ತು. ಬದುಕಿದ ಸವತಿ ಆಗಿದ್ರ ತುರುಬು ಹಿಡೀಬಹುದಿತ್ತು, ಸತ್ತವರ ಕೂಡ ಹೆಂಗ ಜಗಳಾಡ್ಯಾಳು?

'ಸತ್ತವರಂದ್ರ ನಿಮಗ ಭಾಳ ಜೀವ. ನಾ ಸತ್ರ ನನ್ನ ಹೆಸರೂ ಹಿಂಗ ಹೇಳ್ತೀರೇನು?' ಅಂತ ಒಮ್ಮಿ ಕೇಳಿದ್ಳು. ಅವ ನಕ್ಕು, 'ಪಾಳಿ ಹಚ್ಚು, ನಿನ್ನ ಮುಂದ ಭಾಳ ಮಂದಿ ಅದಾರ' ಅಂದ.

ಹಚ್ಚಿದ್ಳ ನೋಡ್ರಿ... ಅದೇ ಮಳಿಗಾಲ ಡೆಂಗಿ ಜ್ವರದಾಗ ಹೋದ್ಳು. ಆಕಿ ಫೋಟೊ ಸಾಲಿನ ಕಡೀಕ ಹಾಕಿದ್ರು. ಹಿರಿಯರಿಗೆ ಎಡಿ ಇಡೂ ಮಾನೌಮಿ ಅಮಾಸಿ ಬಂತು. ಗ್ವಾಡಿ ಮ್ಯಾಲೆ ಕೂತ ಹಿರಿಯರನ್ನ ಅವತ್ತು ಉಪವಾಸ ಬಿಡಬಾರ್ದು, ಅಲ್ಲೇನ್ರಿ? ನಮ್ಮಕ್ಕ, ಮಗ ಇಷ್ಟು ಭಕ್ತಿಲೆ ಹಾಕ್ಯಾನಂದ್ರ ಇವರೂ ದೊಡ್ಡವರ ಇರಬೇಕಂತ, ಮೊದಲನೇದವನಿಂದ ಒಬ್ಬೊಬ್ಬರಿಗೆ ಎಲಿ ಹಾಸಿ ಹೋಳಿಗಿ ಎಡಿ ಇಡಕೋತ ಬಂದ್ಳು. ರಾಧಿಕಾನ ಎಲಿಗೆ ಬರೂದ್ರಾಗ ಹೋಳಿಗಿ ತೀರಿತ್ತು. ಬರೇ ಅನ್ನ ಇಟ್ಳು.

ಮರುದಿನ ನೋಡಿದ್ರ ರಾಧಿಕಾನ ಫೋಟೊ ಒಂದು ಮೊಳಿ ಮುಂದ ಸರದಿತ್ತು. ಹೊಳಿಗೆ ಇಳಿದಾಕಿ ಹಿಂದ. ಧೂಳ ಹೊಡಿಯೂವಾಗ ಯಾರೋ ಅದಲಿ ಬದಲಿ ಮಾಡ್ಯಾರ ಅಂದ್ವಿ. ಅವತ್ತು ಕ್ಲಾಸಿನ್ಯಾಗ ಪ್ರೇಮಕುಮಾರಗ ಆ ಹೆಣ್ಣುಮಗಳ ಹೆಸರ ಬರಲಿಲ್ಲ, ಆಕಿ ಬರೆದ ಒಂದು ಪುಸ್ತಕಾನೂ ನೆನಪಾಗಲಿಲ್ಲ. 'ಬರೆದದ್ದು ಯಾರ್ರಿ ಸರ್?' ಅಂದ್ರ, 'ರಾಧಿಕಾ' ಅಂದ. ಹುಡುಗ್ರು ನಕ್ರು. ಮುಂದಿನ ವಾರ ರಾಧಿಕಾ ಗಡ್ಡದಾಂವನ್ನ ದಾಟಿದ್ಳು, ಅವ ಬರೆದದ್ದಷ್ಟೂ ಗಂಡನ ತಲಿಯಿಂದ ಹೋತು. ಆಮ್ಯಾಲ ಕೆಮ್ಮಿನ ಕವಿ... ಗಂಡ ಜನ್ಮೆಲ್ಲಾ ಓದಿದ್ದನ್ನ ಹತ್ತಿ ಬಿಡಿಸಿದಂಗ ಬಿಡಿಸಿಕೋತ ಬಂದ್ಳು.

ನಾ ಸುಮ್ಮನ ಕೂಡ್ತೇನೇನು? ಹೋಗಿ ಆ ಮಂದಿನ್ನೆಲ್ಲಾ ಇಳಿಸಿ ಟ್ರಂಕಿನ್ಯಾಗ ಹಾಕಿದೆ. ರಾಧಿಕಾನ ಮುಂದ ಹೊಸಾ ಸೀರಿ ಇಟ್ಟೆ, ಆಕಿಗೊಬ್ಬಾಕಿಗೆ ಹೋಳಿಗಿ ಎಡಿ ಇಟ್ಟೆ. 'ಈಗರ ಸಮಾಧಾನ ಆಗವ್ವಾ, ಗ್ವಾಡಿ ಎಲ್ಲಾ ನಿಂದ' ಅಂದೆ. ಆ ಎಡಿ ಇರುವಿ ಸೈತ ಮುಟ್ಟಲಿಲ್ಲ. ಪ್ರೇಮನ ಮರೆವೂ ನಿಲ್ಲಲಿಲ್ಲ.

ಬೋಳತಲಿಯವನೂ ಅಳಿಸಿ ಹೋದ ದಿನ ಪ್ರೇಮ ನೌಕರಿ ಬಿಟ್ಟ. ಹೋಗಲಿ, ಗಂಡನ ಮನಸು ಪೂರಾ ಸಿಕ್ಕಿತಲ್ಲ, ಇನ್ನರ ನಿಲ್ಲತಾಳ ಅನಕೊಂಡೆ. ಹೊಟ್ಟಿಕಿಚ್ಚಿಗೆ ನಿಲ್ಲೂದು ಗೊತ್ತಿರತೈತೇನ್ರಿ? ದೀಪಾವಳಿ ಬರೂದ್ರಾಗ ಅವ ತನ್ನಪ್ಪನ್ನ ಮರತ."

ಬಾಳಮ್ಮ ಮತ್ತೆ ನೂಲು ಹಿಡಿದಳು, ಆದರೆ ಸುತ್ತಲಿಲ್ಲ.

"ಅಪ್ಪ ಸತ್ತು ಫೋಟೊ ಆದಾಂವ, ಅದೂ ಹೋಗಲಿ... ಮೊನ್ನಿ ಸಂತ್ಯಾಗ ಪ್ರೇಮ ಎದುರಾದ. ಪ್ರೇಮಾ ಅಂದೆ. ನನ್ನ ಮಾರಿ ಭಾಳೊತ್ತು ನೋಡಿ, 'ನೀವು ಯಾರ್ರೀ ಯವ್ವಾ?' ಅಂದ.

ನನ್ನ ಫೋಟೊ ಇನ್ನೂ ಯಾವ ಗ್ವಾಡಿಗೂ ಹತ್ತಿಲ್ಲ ನೋಡ್ರಿ."