ಇಳಿಯಲು ಒಲ್ಲದ ಇಂಜಿನಿಯರ್

ಒಂದೂರಲ್ಲಿ ಒಬ್ಬ ಇಂಜಿನಿಯರ್ ಇದ್ದ. ಶ್ರೀಮಂತನ ಕಥೆ ಬರುತ್ತದೆ ಎಂದು ಮಠದ ಅಂಗಳದಲ್ಲಿ ಕಾಲು ಚಾಚಿ ಕುಳಿತವರು ಸ್ವಲ್ಪ ನೆಟ್ಟಗೆ ಕೂಡಿ, ಇದು ಸಂಬಳದವನ ಕಥೆ. ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಅವನ ಕೆಲಸ. ಎಂಥ ಬುದ್ಧಿವಂತ ಅಂತೀರಿ! ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಿದ್ದ. ಆದರೆ ಮನಸ್ಸೆಲ್ಲ ಹಿಮಾಲಯದಲ್ಲಿ. ಒಂದು ಶಿಖರದ ಚಿತ್ರವನ್ನು ಮೇಜಿನ ಗಾಜಿನಡಿ ಇಟ್ಟುಕೊಂಡು ಆರು ವರ್ಷ ಆಸೆಪಟ್ಟ. ಆರು ವರ್ಷ! ಮದುವೆ, ಮುಂಜಿ, ನೆಗಡಿ, ಜ್ವರ, ಯಾವುದಕ್ಕೂ ರಜೆ ಹಾಕದೆ ಕೂಡಿಟ್ಟ. ಕೊನೆಗೆ ಮೇಲಧಿಕಾರಿ ಹದಿನೆಂಟು ದಿನ ರಜೆ ಕೊಟ್ಟರು.

“ಹತ್ತೊಂಬತ್ತನೇ ದಿನ ನೀ ಈ ಕುರ್ಚಿಯೊಳಗ ಇರಬೇಕ ನೋಡಪಾ. ಇಲ್ಲಂದ್ರ ಹೊಸ ಪಂಪ್‌ಹೌಸಿನ ಕೆಲಸ ಮತ್ತೊಬ್ಬರಿಗೆ ಹೋಗ್ತದ” ಎಂದರು.

ಇವನಿಗೆ ಎರಡೂ ಬೇಕು. ಶಿಖರವೂ ಬೇಕು, ಪಂಪ್‌ಹೌಸೂ ಬೇಕು. ತಪ್ಪೇ? ತಪ್ಪಲ್ಲ, ನೋಡಿ. ಬೇಕು ಅನ್ನುವುದು ತಪ್ಪಲ್ಲ.

ಅವನು ಸೇರಿಕೊಂಡ ತಂಡವನ್ನು ಕರೆದುಕೊಂಡು ಹೋದವರು ಬೆಳಗಾವಿ ಕಡೆಯ ಒಬ್ಬ ನಿವೃತ್ತ ಸುಬೇದಾರರು. ಹಿಮದ ಬೆಟ್ಟದಲ್ಲಿ ಒಂದು ಪದ್ಧತಿ ಇದೆ. ಹಗಲು ಸಾಮಾನು ಹೊತ್ತು ಮೇಲಿನ ಬಿಡಾರಕ್ಕೆ ಹತ್ತಬೇಕು, ಅಲ್ಲಿಟ್ಟು, ಸಂಜೆಯೊಳಗೆ ಇಳಿದು ಬಂದು ಕೆಳಗಿನ ಬಿಡಾರದಲ್ಲಿ ಮಲಗಬೇಕು. ಮರುದಿನ ಮತ್ತೆ ಅದೇ ದಾರಿ. ಮೇಲೆ ಗಾಳಿ ತೆಳು, ಮೈ ಅದಕ್ಕೆ ನಿಧಾನವಾಗಿ ಒಗ್ಗಬೇಕು, ಇಲ್ಲದಿದ್ದರೆ ತಲೆ ಸಿಡಿದು ಬುದ್ಧಿ ಮಂಕಾಗುತ್ತದೆ.

ಇದನ್ನು ಕಂಡು ನಮ್ಮ ಇಂಜಿನಿಯರಿಗೆ ಮೈಯೆಲ್ಲ ಉರಿಯಿತು. ಟಾಕಿಗೆ ಏರಿಸಿದ ನೀರನ್ನು ಯಾರಾದರೂ ಮತ್ತೆ ಬಾವಿಗೆ ಸುರಿಯುತ್ತಾರೆಯೇ? ಡೈರಿ ತೆಗೆದು ಗೀಚಿದ. ಇಳಿಯುವುದನ್ನು ಬಿಟ್ಟರೆ ಎರಡು ದಿನ ಉಳಿತಾಯ!

“ಸುಬೇದಾರ್ರ, ನಾ ಇಲ್ಲೇ ಮ್ಯಾಲ ಉಳೀತೀನ್ರಿ. ಇಳದು ಹತ್ತೂದು ಬರೇ ದಂಡ.”

“ಸಾಹೇಬ್ರ, ಗುಡ್ಡ ನಿಮ್ಮ ಪೈಪ್ ಅಲ್ಲ. ಸುಮ್ನ ಇಳೀರಿ.”

ಇಳಿದನೇ? ಎಲ್ಲಿ ಇಳಿದಾನು! ಎಲ್ಲರ ಹಿಂದೆ ಹಿಂದೆ ಉಳಿದು ಮೆಲ್ಲಗೆ ಮೇಲಿನ ಡೇರೆ ಹೊಕ್ಕ. ಸುಬೇದಾರರು ಕೆಳಗೆ ಹೋಗಿ ತಲೆ ಎಣಿಸಿದರೆ ಒಂದು ಕಡಿಮೆ. ಅಷ್ಟರಲ್ಲಿ ಮಂಜು ಕವಿದು ದಾರಿ ಮುಚ್ಚಿತ್ತು.

ಬೆಳಕು ಹರಿದ ಕೂಡಲೇ ಓಡಿ ಬಂದು ನೋಡುತ್ತಾರೆ, ಮಹಾರಾಯ ಎಡಗಾಲಿನ ಬೂಟಿನ ದಾರವನ್ನು ಬಲಗಾಲಿನದಕ್ಕೆ ಗಂಟು ಹಾಕುತ್ತ ಕೂತಿದ್ದಾನೆ. “ಇವತ್ತ ಯಾವ ವಾರರೀ?” ಎಂದು ಕೇಳಿದರೆ, “ಮೂರನೇ ಓಣಿಗೆ ನೀರ ಬಿಟ್ಟೇನಿ” ಎಂದ!

“ಅಯ್ಯ ನಿನ್ನ ಶ್ಯಾಣ್ಯಾತನಕ್ಕಿಷ್ಟು!” ಎಂದು ಸುಬೇದಾರರು ಅವನ ಸೊಂಟಕ್ಕೆ ಹಗ್ಗ ಬಿಗಿದು ಕೆಳಗಿಳಿಸಿದರು. ಎರಡು ದಿನಕ್ಕೆ ತಲೆ ತಿಳಿಯಾಯಿತು.

“ನಾಳೆ ಹತ್ತೂಣೇನ್ರಿ?”

“ಜೀವ ಉಳದದಲ್ಲ, ಪುಣ್ಯಾ. ಮತ್ತ ಹತ್ತಬೇಕಂದ್ರ ಮೊದಲಿಂದ ಹತ್ತಿ ಇಳೀಬೇಕು. ಎಂಟ ದಿನ ಬೇಕು.”

ಎಂಟು ದಿನ ಎಲ್ಲಿತ್ತು? ಎರಡು ದಿನ ಉಳಿಸಲು ಹೋಗಿ ಇಡೀ ಶಿಖರವನ್ನೇ ಕಳೆದುಕೊಂಡ. ಉಳಿದವರು ಅದರ ತುದಿ ಮುಟ್ಟಿದ್ದನ್ನು ಕೆಳಗಿನಿಂದ ದುರ್ಬೀನು ಹಿಡಿದು ನೋಡಿ ಗಳಗಳ ಅತ್ತ. ಹತ್ತೊಂಬತ್ತನೇ ದಿನ ಕುರ್ಚಿಯಲ್ಲಿ ಬಂದು ಕೂತ, ಪಾಪ.

ಇಷ್ಟೊತ್ತು ನಕ್ಕಿರಲ್ಲ? ಈಗ ನಿಮ್ಮ ಸರದಿ. ನೀವೂ ದಿನಾ ಹತ್ತುತ್ತೀರಿ. ಆಫೀಸಿನಲ್ಲಿ ಸಾಹೇಬರು, ಶಾಲೆಯಲ್ಲಿ ಹೆಡ್‌ಮಾಸ್ತರು, ಅಂಗಡಿಯಲ್ಲಿ ಯಜಮಾನರು. ಹತ್ತಿ, ಬೇಡ ಅಂದವರು ಯಾರು? ಸಂಜೆ ಇಳಿಯುತ್ತೀರಾ? ಇಳಿಯುವುದಿಲ್ಲ! ಸಾಹೇಬರು ಸಾಹೇಬರಾಗಿಯೇ ಮನೆ ಹೊಗುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ವಿವರಣೆ ಕೇಳುತ್ತಾರೆ, ಮಗಳು ಚಿತ್ರ ಬರೆದು ತಂದರೆ ತಪ್ಪು ಹುಡುಕುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, “ಅಪ್ಪಾರ, ತಲಿ ಸಿಡೀತದ, ನಿದ್ದಿ ಬರೂದಿಲ್ಲ, ಒಂದಿಷ್ಟು ವಿಭೂತಿ ಮಂತ್ರಿಸಿ ಕೊಡ್ರಿ” ಅನ್ನುತ್ತಾರೆ. ವಿಭೂತಿ ಏನು ಮಾಡೀತು? ಮೊದಲು ಇಳಿದು ಮಲಗಿ! ತಾಯಂದಿರೇ, ಗಂಡಸರ ಕಡೆ ನೋಡಿ ನಗಬೇಡಿ. ಅತ್ತೆಯ ಪಟ್ಟ ಹತ್ತಿ ಕೂತವರು ಇಲ್ಲಿ ಎಷ್ಟು ಮಂದಿ ಎಂದು ನನಗೆ ಗೊತ್ತಿದೆ.

ಇವತ್ತಿನಿಂದ ಒಂದು ಕೆಲಸ ಮಾಡಿ. ಮನೆಗೆ ಹೋದ ಮೊದಲ ಅರ್ಧ ಗಂಟೆ ಯಾರಿಗೂ ಅಪ್ಪಣೆ ಕೊಡಬೇಡಿ. ಕುಡಿಯುವ ನೀರು ನೀವೇ ತುಂಬಿಕೊಳ್ಳಿ. ನೆಲದ ಮೇಲೆ ಕೂಡಿ. ಮಗಳು ಬರೆದ ಆನೆ ಹಂದಿಯ ಹಾಗೆ ಕಂಡರೂ, “ಇದರ ಹೆಸರೇನವ್ವಾ?” ಎಂದು ಕೇಳಿ, ಆ ಕೂಸು ಹೇಳುವ ತನಕ ಕಾಯಿರಿ. ನಾಳೆ ಬೆಳಿಗ್ಗೆ ಎದ್ದು ಎಷ್ಟು ಬೇಕಾದರೂ ಹತ್ತಿ.