ಕಪಾಟಿನ ಹಿಂದಿನ ಗೋಡೆ

ಸಂಜೆ ಐದಕ್ಕೆ ಹಿಡಿದ ಮಳೆ ಆರೂವರೆಯಾದರೂ ಬಿಡಲಿಲ್ಲ. ಹೊಲಿಗೆ ಕ್ಲಾಸು ಮುಗಿಸಿ ಬೀಗ ಹಾಕಬೇಕಿದ್ದ ನಾನು, ನನ್ನ ಹತ್ತಿರ ಕಲಿಯುವ ಆರು ಜನ ಹೆಂಗಸರು, ಪೇಪರು ಓದಲು ಬಂದಿದ್ದ ಪೋಸ್ಟ್‌ಮ್ಯಾನ್, ಎಲ್ಲರೂ ಹಳೆಯ ಚರ್ಚಿನೊಳಗೇ ಸಿಕ್ಕಿಬಿದ್ದೆವು. ಈಗ ಅದನ್ನು ಚರ್ಚು ಎನ್ನುವವರು ಕಡಿಮೆ. ಪ್ರಾರ್ಥನೆ ನಿಂತು, ಪಾಳುಬಿದ್ದು, ಆಮೇಲೆ ರಿಪೇರಿಯಾಗಿ ಊರಿನ ಹಾಲ್ ಆಗಿದೆ. ಬಟ್ಟೆ ತುಂಬಿದ ದೊಡ್ಡ ಮರದ ಕಪಾಟಿಗೆ ಬೆಂಚು ತಾಗಿಸಿ ಒರಗಿ ಕೂತೆವು. ಬೆನ್ನ ಹಿಂದೆ ಟಪ್ ಎಂದಿತು. ಸೋರುತ್ತಿರಬೇಕು ಎಂದೆ. ಬಾಗಿಲ ಬಳಿ ಕೂತಿದ್ದ ಗಾರೆಯಜ್ಜ ತಲೆ ಎತ್ತಿದರು. ಈ ಕಟ್ಟಡ ರಿಪೇರಿ ಮಾಡಿದ ಮೇಸ್ತ್ರಿ ಅವರೇ. ಕತೆ ಹೇಳಿ ಎಂದು ಯಾರೂ ಕೇಳಿರಲಿಲ್ಲ.

"ಸೋರೋದಲ್ಲಮ್ಮ ಅದು... ಸೋರೋದಾಗಿದ್ರೆ ಹತ್ತು ವರ್ಷದಿಂದ ಕಮಿಟಿಯವರ ಮುಂದೆ ಯಾಕೆ ಬಾಯಿ ಬಡ್ಕೋತಿದ್ದೆ? ದೆವ್ವ ಅಂದ್ರೆ ಅಮಾವಾಸ್ಯೆ, ಉಲ್ಟಾ ಪಾದ ಅಂತೀರಿ. ನಾನು ಕಂಡಿದ್ದು ಊಟದ ಬಿಡುವಿಗೆ ಬರ್ತಿತ್ತು. ಕೆಲಸಗಾರನ ದೆವ್ವ ನೋಡಿ, ಟೈಮ್ ತಪ್ಪಿಸ್ತಿರಲಿಲ್ಲ.

ನನಗೆ ಗಾರೆ ಮೆತ್ತೋ ಕರಣೆ ಹಿಡಿಯೋದು ಕಲಿಸಿದ್ದು ನನ್ನ ಸೋದರಮಾವ. ಈ ಗೋಡೆಗಳನ್ನ ನೋಡ್ಕೊಂಡೇ ಆಯಸ್ಸು ಕಳೆದೋನು. ಗಾರೆ ಒಣಗಿದ ಮೇಲೆ ಬೆರಳ ಗೆಣ್ಣಿಂದ ಒಂದು ಸಲ ತಟ್ಟಿ ಕಿವಿಗೊಡೋನು... ಎರಡನೇ ಸಲ ತಟ್ಟಿ ಕಾಯೋನು... ಮೂರನೇ ಸಲಕ್ಕೂ ಟೊಳ್ಳು ಅನ್ನಿಸಿದ್ರೆ, ಯಾರು ಮೆತ್ತಿದ್ದಾದ್ರೂ ಸರಿ, ಕಿತ್ತುಹಾಕೋನು. ಸಾಯೋ ಮುಂಚೆ ನನ್ನ ಕೈ ಹಿಡಿದು, ಈ ಗೋಡೆಗೆ ಸುಣ್ಣದ ಗಾರೆ ಬಿಟ್ಟು ಬೇರೆ ಮುಟ್ಟಿಸಬೇಡ ಕಣೋ, ಸಿಮೆಂಟ್ ಮೆತ್ತಿದ್ರೆ ಗೋಡೆ ಕುಡಿದ ನೀರು ಒಳಗೇ ಉಳಿದು, ಒಂದು ದಿನ ಜನರ ಮೇಲೇ ಬೀಳುತ್ತೆ ಅಂದ. ಆಯ್ತು ಮಾವ ಅಂದೆ. ಭಾಷೆ ಕೊಟ್ಟೆ.

ಆಮೇಲೆ ಇದನ್ನ ಹಾಲ್ ಮಾಡೋಕೆ ಬಂತಲ್ಲ ಕಮಿಟಿ. ಸುಣ್ಣ ಗುಂಡೀಲಿ ಮೂರು ತಿಂಗಳು ನೆನೀಬೇಕು ಅಂದೆ. ಉದ್ಘಾಟನೆಗೆ ಮಂತ್ರಿಗಳ ತಾರೀಕು ಸಿಕ್ಕಿದೆ ಅಂದ್ರು ಅಧ್ಯಕ್ಷರು. ಸುಣ್ಣಕ್ಕೆ ಮಂತ್ರಿ ಯಾರು, ಕಂತ್ರಿ ಯಾರು ಗೊತ್ತಾಗುತ್ತಾ? ಆ ತಾರೀಕಿಗೆ ಮುಗೀದಿದ್ರೆ ಕೆಡವಿ ಕಲ್ಲನ್ನ ರಸ್ತೆಗೆ ಹಾಕ್ತಾರಂತೆ. ಅತ್ತ ದರಿ, ಇತ್ತ ಪುಲಿ... ಸಿಮೆಂಟ್ ಕಲಸಿದೆ.

ಮೊದಲನೇ ದಿನ ಊಟ ಮುಗಿಸಿ ಬಂದು ನೋಡ್ತೀನಿ, ಬೆಳಿಗ್ಗೆ ಮೆತ್ತಿದ್ದೆಲ್ಲ ಕೆಳಗೆ. ಬಿದ್ದಿದ್ದಲ್ಲ, ಗುಡಿಸಿ ಗುಡ್ಡೆ ಹಾಕಿತ್ತು. ಆಳುಗಳಿಗೆ ಬೈದೆ, ಇಬ್ಬರು ಕೆಲಸ ಬಿಟ್ಟುಹೋದ್ರು. ಎರಡನೇ ದಿನವೂ ಅದೇ ಹಾಡು. ಮೂರನೇ ದಿನ ಊಟಕ್ಕೆ ಹೋಗದೆ ಕಂಬದ ಹಿಂದೆ ನಿಂತೆ. ತಟ್ಟೋ ಸದ್ದು ಬಂತು... ಒಂದು... ಎರಡು... ಮೂರು. ಕೈ ಕಾಣ್ತಾ ಇಲ್ಲ, ಆದ್ರೆ ಸಿಮೆಂಟು ಬಾಳೆಹಣ್ಣಿನ ಸಿಪ್ಪೆ ಥರ ಸುಲಿದು ಬರ್ತಿದೆ. ಆಮೇಲೆ ನನ್ನ ಕರಣೆ ಬಕೆಟ್ಟಿನ ನೀರಲ್ಲಿ ಮುಳುಗಿ ಎದ್ದು, ಹಿಡಿ ನನ್ನ ಕಡೆ ತಿರುಗಿಸಿಕೊಂಡು ನನ್ನ ಕಾಲ ಹತ್ರ ಬಂದು ಕೂತ್ಕೊಳ್ತು. ಮಾವ ಕರಣೆ ಕೊಡ್ತಿದ್ದಿದ್ದೇ ಹಾಗೆ. ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ.

ಕಮಿಟಿಗೆ ಹೇಳಿದ್ರೆ ನಕ್ಕರು. ಅಷ್ಟರಲ್ಲಿ ಮಂತ್ರಿಗಳೇ ನಾಲ್ಕು ತಿಂಗಳು ಮುಂದಕ್ಕೆ ಹಾಕಿದ್ರು. ಅದಕ್ಕಾ ನನ್ನ ಭಾಷೆ ಮುರಿಸಿದ್ದು? ಹಲ್ಲು ಕಚ್ಕೊಂಡು ಸುಣ್ಣ ನೆನೆಸಿದೆ. ಎಲ್ಲ ಗೋಡೆಗೂ ಗಾರೆ ಆಯ್ತು, ಒಂದು ಚೂರೂ ಬೀಳ್ಲಿಲ್ಲ. ಉದ್ಘಾಟನೆ ಹಿಂದಿನ ದಿನ ಒಂದು ಜಾಗಕ್ಕೆ ಗಾರೆ ಸಾಲಲಿಲ್ಲ. ಅಲ್ಲಿ ಕಪಾಟು ಬರುತ್ತಲ್ಲ, ಸಿಮೆಂಟ್ ಮೆತ್ತಿ, ಯಾರಿಗೆ ಕಾಣುತ್ತೆ ಅಂದ್ರು ಅಧ್ಯಕ್ಷರು. ಸುಸ್ತಾಗಿತ್ತು... ನಾನೂ ಹೂಂ ಅಂದೆ. ಬೇರೆಯವರನ್ನ ಬೈದು ಏನು, ಮೆತ್ತಿದ ಕೈ ನಂದೇ.

ಅವತ್ತಿಂದ ಪ್ರತಿ ಮಳೆಗಾಲಕ್ಕೂ ಅರ್ಜಿ. ಕಪಾಟು ಸರಿಸಿಕೊಡಿ, ಎರಡು ದಿನದ ಕೆಲಸ ಅಂತ. ಮುಂದಿನ ಸಭೆಯಲ್ಲಿ ನೋಡೋಣ ಅಜ್ಜ ಅಂತಾರೆ. ಹತ್ತು ವರ್ಷದಿಂದ ಆ ಮುಂದಿನ ಸಭೆ ಬಂದೇ ಇಲ್ಲ. ಅಷ್ಟು ಭಾರದ ಕಪಾಟು ಮಾವನಿಗೂ ಸರಿಸೋಕಾಗಲ್ಲ ಅಂದ್ಕೊಂಡಿದ್ದೆ. ಆದ್ರೆ ಹೋದ ವಾರದಿಂದ, ದಿನಾ ಬಂದು ಕಪಾಟಿಗೂ ಗೋಡೆಗೂ ನಡುವಿನ ಸಂದನ್ನ ಗೇಣು ಹಾಕಿ ಅಳೀತಿದೀನಿ..."

ಟಪ್ ಎಂದಿತು. ಈ ಸಲ ಎಲ್ಲರಿಗೂ ಕೇಳಿಸಿತು. ನಗಲು ಹೋದ ಪೋಸ್ಟ್‌ಮ್ಯಾನ್ ಪೇಪರು ಮಡಚಿಟ್ಟರು.

"ಟೀಚರಮ್ಮ, ಕೂತಾಗ ನಿಮ್ಮ ಕಾಲು ನೆಲದ ಆ ಕರಿ ಕಲ್ಲಿನ ಮೇಲಿತ್ತು. ಈಗ ನೋಡ್ಕೊಳ್ಳಿ."

ನೋಡಿದೆ. ಬೆಂಚನ್ನು ನಾವ್ಯಾರೂ ಎಳೆದಿರಲಿಲ್ಲ. ಕರಿ ಕಲ್ಲು ಬೆಂಚಿನ ಅಡಿಗೆ ಹೋಗಿತ್ತು.

"ಹೆದರಬೇಡಿ, ಮಾವ ಕೆಟ್ಟೋನಲ್ಲ. ಯಾರ ಮೇಲೂ ಬೀಳಬಾರದು ಅಂತಾನೇ ಮೊದಲು ತಟ್ಟೋದು..." ಅಜ್ಜ ಎದ್ದು ಬಾಗಿಲು ಪೂರ್ತಿ ತೆರೆದರು. ಮಳೆಯ ಎರಚಲು ಒಳಗೆ ಬಡಿಯಿತು. "ನೆನೆದರೆ ನೆನೀರಿ, ಆಚೆ ಬನ್ನಿ. ಎರಡಾಯ್ತು."